ನಾರ್ವೆಸ್ಟಿನ ಮೇನೆ

“ಏಯ್ ಕತ್ತೆ, ಹೂವಿಗೆ ಮುತ್ತು ಕೊಡ್ತಿದೀಯಾ? ಬೇಗ ಗುಡಿಸೋ. ಗೆಸ್ಟ್ಸ್ ಬರೋ ಹೊತ್ತಾಯ್ತು.”

ನವೆಂಬರು ಬಂತೆಂದರೆ ಸಿಡ್ನಿಯ ಜಕರಂಡಾ ಮರಗಳಿಗೆ ಬೇರೆ ಕೆಲಸವಿಲ್ಲ, ನಿಂತಲ್ಲೇ ನೇರಳೆ ಹೂ ಉದುರಿಸುತ್ತವೆ. ಉದುರಿದ್ದನ್ನು ಎತ್ತುವ ಪಾಳಿ ಸಿದ್ದಣ್ಣನದು. ಬೈದವನು ಯೋಗೀಶ, ಊರಂಚಿನ ನಾರ್ವೆಸ್ಟ್ ಬಡಾವಣೆಯ ಆಫೀಸುಗಳ ನೆಲ ಒರೆಸುವ ಕಂಪನಿಯ ಧಣಿ. ಆ ಕಂಪನಿಯ ಕಾಗದದಲ್ಲಿ ಸಿದ್ದಣ್ಣ ಆಪರೇಷನ್ಸ್ ಮ್ಯಾನೇಜರ್. ಕೈಯಲ್ಲಿ ಮಾತ್ರ ಕಸಬರಿಗೆ. ಆ ಕಾಗದ ನಂಬಿ ಹೆಂಡತಿ ಚನ್ನಕ್ಕನನ್ನೂ ಮಗಳನ್ನೂ ಬೈಲಹೊಂಗಲದಿಂದ ಕರೆಸಿಕೊಂಡಿದ್ದ. ಪಿಆರ್‌ಗೆ, ಅಂದರೆ ಇಲ್ಲೇ ಕಾಯಂ ಉಳಿಯುವ ಪರವಾನಗಿಗೆ, ಯೋಗೀಶ ಸ್ಪಾನ್ಸರ್ ಮಾಡಬೇಕು. ಮಾಡದಿದ್ದರೆ ವೀಸಾ ಮುಗಿದು ಮೂವರೂ ವಿಮಾನ ಹತ್ತಬೇಕು. ಕೇಳಿದಾಗಲೆಲ್ಲ ಯೋಗೀಶನದು ಒಂದೇ ಮಾತು: “ಮುಂದಿನ ತಿಂಗಳು ನೋಡೋಣ.” ಆ ತಿಂಗಳು ಯಾವ ಪಂಚಾಂಗದಲ್ಲೂ ಇರಲಿಲ್ಲ.

ಇಂದು ಯೋಗೀಶನಿಗೆ ಅರವತ್ತು ತುಂಬಿತ್ತು. ಮನೆಯ ಹಿಂದಿನ ಲಾನಿನಲ್ಲಿ ಪಾರ್ಟಿ. ಅದಕ್ಕೆಂದೇ ಮೆಲ್ಬರ್ನಿನ ಹರಾಜಿನಲ್ಲಿ ಹಳೇ ಮೇನೆಯೊಂದನ್ನು ಕೊಂಡು ತರಿಸಿದ್ದ. ಆಳೆತ್ತರದ ಮರದ ಪೆಟ್ಟಿಗೆ, ಒಳಗೆ ಮಖಮಲ್ಲಿನ ಕುರ್ಚಿ, ಪಕ್ಕಕ್ಕೆ ಕಿಟಕಿ, ಮುಂದೆ ಕಿಂಡಿಯಿದ್ದ ಒಂದೇ ಬಾಗಿಲು, ಹೊರಲು ಎರಡು ಉದ್ದನೆಯ ದಂಡಿಗೆ. ಹಿಂದೆ ಬಿಳಿಯ ದೊರೆ-ದೊರೆಸಾನಿಯರು ಕಾಲಿಗೆ ಕೆಸರು ತಾಗದಂತೆ ಇದರಲ್ಲೇ ಓಡಾಡುತ್ತಿದ್ದರಂತೆ. ಗಾಡಿ ಬಂತು, ಇನ್ನು ಎತ್ತು ಬೇಕಲ್ಲ.

ಒಮ್ಮೆ ಚಹಾ ಕುಡಿಯುವಾಗ ಸಿದ್ದಣ್ಣನೇ ಬಾಯಿ ಜಾರಿಸಿದ್ದ: ತನ್ನ ಅಜ್ಜ, ಮುತ್ಯಾ, ಮೇನೆ ಹೊರುವ ಭೋಯಿ, ಕಲೆಕ್ಟರ್ ಸಾಹೇಬನನ್ನು ಹೊತ್ತು ಹೊತ್ತು ಹೆಗಲ ಮೇಲೆ ಲಿಂಬಿಕಾಯಿಯಂಥ ಗಂಟು ಎದ್ದಿತ್ತು ಎಂದು. ಯೋಗೀಶ ಅದನ್ನು ಮರೆತಿರಲಿಲ್ಲ. ನಿನ್ನ ಬ್ಲಡ್ಡಲ್ಲೇ ಇದೆ ಕಣೋ ಎಂದ. ಹೊತ್ತುಬಿಡು, ಮುಂದಿನ ತಿಂಗಳು ಗ್ಯಾರಂಟಿ ಎಂದ. ಹೊರುವಾಗ ಭೋಯಿಗಳು ಹಾಡುತ್ತಿದ್ದರಂತಲ್ಲ, ಅದೂ ಬೇಕು, ಅಥೆಂಟಿಕ್ ಆಗಿರಬೇಕು ಎಂದ.

ಚನ್ನಕ್ಕ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೇಳಿದ್ದಳು: “ನಿಮ್ಮ ಮುತ್ಯಾಗ ಬ್ಯಾರೆ ದಾರಿ ಇದ್ದಿಲ್ಲ. ನಿನಗೇನ ರೋಗ ಬಂದೈತಿ?”

“ಪಿಆರ್,” ಎಂದಿದ್ದ ಸಿದ್ದಣ್ಣ.

ಕೆಂಪು ಕೋಟು, ಮೊಣಕಾಲುದ್ದದ ಬಿಳಿ ಸಾಕ್ಸು ಹಾಕಿಸಿ ಮುಂದೆ ಸಿದ್ದಣ್ಣನನ್ನೂ ಹಿಂದೆ ರುದ್ರಪ್ಪನನ್ನೂ ನಿಲ್ಲಿಸಿದರು. ಯೋಗೀಶ ಒಳಗೆ ಕೂತು ಬಾಗಿಲೆಳೆದುಕೊಂಡ. ರುದ್ರಪ್ಪನೂ ಅದೇ ಕಂಪನಿಯ ಕಸಬರಿಗೆ, ಅವನದೂ ಅದೇ ಮುಂದಿನ ತಿಂಗಳು. ಎತ್ತುತ್ತಲೇ ಅವನು ಹಲ್ಲು ಕಚ್ಚಿದ. “ಇವರವ್ವನ, ಅರವತ್ತ ವರ್ಸದ್ದ ಒಮ್ಮೆಲೆ ತಿಂದ ಕುಂತಾನೇನೋ.”

ಲಾನಿನ ತುಂಬ ಯೋಗೀಶನಿಗೆ ಕಾಂಟ್ರಾಕ್ಟ್ ಕೊಡುವ ಬಿಳಿಯ ದೊಡ್ಡವರು, ಕೈಯಲ್ಲಿ ವೈನು, ಫೋನು. ಹಾಡು ಶುರುವಾಗಬೇಕಿತ್ತು. ಆದರೆ ಮುತ್ಯಾನ ಹಾಡಿನಲ್ಲಿ ಒಂದು ಗುಟ್ಟಿತ್ತು. ಕಲೆಕ್ಟರನಿಗೆ ಕನ್ನಡ ಬರುತ್ತಿರಲಿಲ್ಲ. ಭೋಯಿಗಳು ದಾರಿಯುದ್ದಕ್ಕೂ ಅವನನ್ನು ಬೈದುಕೊಂಡೇ ಹೋಗುತ್ತಿದ್ದರು, ಅವನು ತಲೆದೂಗುತ್ತಿದ್ದ. ಯೋಗೀಶನಿಗೆ ಕನ್ನಡ ಬರುತ್ತದೆ. ಸಿದ್ದಣ್ಣ ಬಾಯಿ ಬಿಗಿಹಿಡಿದೇ ನಡೆದ.

ಕಿಂಡಿಯಿಂದ ಬೆಳ್ಳಿ ಹಿಡಿಯ ಬೆತ್ತ ಹೊರಬಂದು ಬೆನ್ನಿಗೆ ತಿವಿಯಿತು. ಇನ್ನೊಮ್ಮೆ ತಿವಿಯಿತು. ನೋಡುತ್ತಿದ್ದವರು ನಕ್ಕರು.

“ಹಾಡೋ ಮಗನೆ. ಸುಮ್ನೆ ಕರೆಸಿದೀನಾ?”

ಸಿದ್ದಣ್ಣ ಗಂಟಲು ಸರಿಮಾಡಿಕೊಂಡ.

“ಒಳಗೈತಿ ಕೋಣ,” ಎಂದ.

“ಹುಂ ಹುಂ,” ಎಂದ ರುದ್ರಪ್ಪ, ಹೇಳಿಕೊಟ್ಟಂತೆ.

“ಮೈಯೆಲ್ಲ ಬೆಣ್ಣಿ.”

“ಹುಂ ಹುಂ.”

“ಕೊಡತೇನಂತೈತಿ.”

“ಹುಂ ಹುಂ.”

“ಕೊಟ್ಟಿದ್ದು ಸಗಣಿ.”

ಈ ಸಲದ ಹುಂ ಹುಂ ರುದ್ರಪ್ಪನ ಹೊಟ್ಟೆಯಿಂದ ಬಂತು. ಎರಡನೇ ಸುತ್ತಿಗೆ ಲಾನಿಗೆ ಲಾನೇ ಚಪ್ಪಾಳೆ ತಟ್ಟುತ್ತ ಹುಂಗುಟ್ಟಿತು. ಬಿಳಿಯರಲ್ಲೊಬ್ಬ ಕಿಟಕಿಗೆ ಫೋನು ಹಿಡಿದು ಅರ್ಥವೇನೆಂದು ಕೇಳಿದ. ಬದನೆಕಾಯಿ ಬಣ್ಣಕ್ಕೆ ತಿರುಗಿದ್ದ ಯೋಗೀಶ ಹಲ್ಲು ಕಿರಿದು, ಬ್ಲೆಸ್ಸಿಂಗ್, ನಮ್ಮ ಕಡೆಯ ಆಶೀರ್ವಾದ ಎಂದ. ಅವನ ಮಗಳು ಅನನ್ಯಾಗೆ ಕನ್ನಡ ಅರ್ಥವಾಗುತ್ತದೆ, ನಾಲಿಗೆ ಮಾತ್ರ ಇಂಗ್ಲಿಷು.

“ನೋ ಡ್ಯಾಡ್, ಕೋಣ ಈಸ್ ಬಫೆಲೋ.”

ಇಂಡಿಯಾದಲ್ಲಿ ಎಲ್ಲ ಪ್ರಾಣಿಯೂ ದೇವರೇ ಎಂದುಕೊಂಡು ಬಿಳಿಯರು ಇನ್ನಷ್ಟು ತಟ್ಟಿದರು.

ಜಕರಂಡಾದ ಕೆಳಗೆ, ಇಟ್ಟಿಗೆಯ ಕಾಂಪೌಂಡಿನ ಹತ್ತಿರ ಮೇನೆ ಇಳಿಯಿತು. ಸಿದ್ದಣ್ಣ ಎರಡೂ ದಂಡಿಗೆ ಎಳೆದು ಹೂವಿನ ಮೇಲೆ ಹಾಕಿದ. ರುದ್ರಪ್ಪನಿಗೆ ಕಣ್ಣು ಮಿಟುಕಿಸಿದ. ದಿನಾ ಕಸದ ಡಬ್ಬಿ ತಳ್ಳುವ ನಾಲ್ಕು ಕೈಗಳು ಹಿಂದಿನಿಂದ ಒಮ್ಮೆ ನೂಕಿದವು. ಇದ್ದೊಂದು ಬಾಗಿಲು ಹೋಗಿ ಕಾಂಪೌಂಡಿನ ಗೋಡೆಗೆ ಅಂಟಿತು.

ಕಿಟಕಿಯಲ್ಲಿ ಯೋಗೀಶನ ಅರ್ಧ ಮುಖ ಕಂಡಿತು. “ಲೋ ಸಿದ್ದ, ಬಾಗಿಲು ಬಿಡೋ. ಉಸಿರು ಕಟ್ತಿದೆ ಕಣೋ.”

ಸಿದ್ದಣ್ಣ ಕೆಂಪು ಕೋಟು ಬಿಚ್ಚಿ, ಮಡಚಿ, ಮೇನೆಯ ತಲೆಯ ಮೇಲಿಟ್ಟ.

“ಮುಂದಿನ ತಿಂಗಳ ನೋಡೂಣ್ರಿ, ಸರ್.”

ಇಬ್ಬರೂ ಗೇಟು ದಾಟಿದರು. ಪಿಆರ್ ಕತಿ ಮುಗೀತಲ್ಲೋ ಎಂದ ರುದ್ರಪ್ಪ. ಸಿದ್ದಣ್ಣ ಹೆಗಲನ್ನು ಒತ್ತಿ ಒತ್ತಿ ನೋಡಿಕೊಳ್ಳುತ್ತಿದ್ದ. ಗಂಟು ಎದ್ದಿರಲಿಲ್ಲ.

ಹಿಂದೆ ಲಾನಿನಲ್ಲಿ ಪೆಟ್ಟಿಗೆ ಗಡಗಡ ಅಲುಗುತ್ತಿತ್ತು. ಇದೂ ಆಟದ ಭಾಗವೆಂದು ತಿಳಿದ ಬಿಳಿಯರು ಅದರ ಸುತ್ತ ನಿಂತು, ಗ್ಲಾಸೆತ್ತಿ, ಹುಂ ಹುಂ ಎನ್ನುತ್ತಿದ್ದರು.