ಅಂಬಿಗನಿಗೆ ಸಿಗದ ಮಕಮಲ್ಲು

ಮಧ್ಯಾಹ್ನ ಮೂರೂವರೆಗೆ ಅಂಬಿಗ ಮೈಲ್ಸ್ ಹಾರನ ಹೆಣ ಥೇಮ್ಸ್ ದಡದ ಚರ್ಚಿಗೆ ಬಂತು. ಹೊದಿಸಲು ಹೊದಿಕೆ ಇರಲಿಲ್ಲ.

ಆ ಚರ್ಚಿಗೆ ಇದ್ದದ್ದು ಒಂದೇ ಹೊದಿಕೆ, ಬೆಳ್ಳಿಯಂಚಿನ ಕಪ್ಪು ಮಕಮಲ್ಲಿನದು. ಸ್ವಂತ ಶವಪೆಟ್ಟಿಗೆಗೆ ಗತಿಯಿಲ್ಲದವರನ್ನು ಚರ್ಚಿನ ಪೆಟ್ಟಿಗೆಯಲ್ಲೇ ಹೊತ್ತು, ಮೇಲೆ ಅದನ್ನು ಹಾಸುತ್ತಿದ್ದರು. ಗುಂಡಿ ಮುಟ್ಟುವವರೆಗೆ ಬಡವನೂ ದೊರೆಯಂತೆ ಹೋಗುತ್ತಿದ್ದ. ಅಲ್ಲಿ ಹೆಣವನ್ನಷ್ಟೇ ಇಳಿಸಿ ಪೆಟ್ಟಿಗೆ, ಹೊದಿಕೆ ವಾಪಸು ತರುತ್ತಿದ್ದರು. ಹೊದಿಕೆಯ ಕಾವಲು ಗೋರಿ ತೋಡುವ ಸಿಲ್ವೆಸ್ಟರ್ ಪೆಕ್‌ನದು. ಅವನು ಅದನ್ನು ಗುಟ್ಟಾಗಿ ಪಕ್ಕದ ಬೀದಿಯ ನಾಟಕದವರಿಗೆ ಕೊಟ್ಟಿದ್ದ. ಕೊನೆಯ ಅಂಕದಲ್ಲಿ ರಾಜಕುಮಾರನ ಶವಯಾತ್ರೆಗೆ ಅದು ಬೇಕಿತ್ತು. ಬದಲಿಗೆ ಪೆಕ್‌ಗೆ ರಂಗದ ಹಿಂಬಾಗಿಲಲ್ಲಿ ನಿಂತು ಆಟ ನೋಡಲು ಬಿಡುತ್ತಿದ್ದರು.

ಹಾರನನ್ನು ಸಂಜೆ ತರುತ್ತಾರೆಂದು ಅವನು ಎಣಿಸಿದ್ದ. ಆದರೆ ಅಂಬಿಗರಿಗೆ ಬಿಡುವಿರುವುದೇ ಆಟ ನಡೆಯುವಾಗ. ಆಟಕ್ಕೆ ಮುಂಚೆ ಜನರನ್ನು ಹೊಳೆ ದಾಟಿಸಿ ತರಬೇಕು, ಮುಗಿದ ಮೇಲೆ ವಾಪಸು ಒಯ್ಯಬೇಕು. ದಡದಲ್ಲೇ ಹುಟ್ಟಿ ಬೆಳೆದರೂ ಪೆಕ್‌ಗೆ ಇದು ಹೊಳೆದಿರಲಿಲ್ಲ.

"ಮಕಮಲ್ಲೆಲ್ಲಿ, ಪೆಕ್ಕಣ್ಣ?" ಹೆಣ ಹೊತ್ತಿದ್ದ ಹಿರಿಯ ಅಂಬಿಗ ಗಿಲ್ಬರ್ಟ್ ಕೇಳಿದ.

"ಒಗೆದು ಹಾಕಿದೀನಿ. ಇನ್ನೂ ಒಣಗಿಲ್ಲ."

"ಮಕಮಲ್ಲನ್ನ ಒಗೀತಾರೇನೋ? ನಿನ್ನ ಅಂಗಿ ನೀರು ಕಂಡು ಯಾವ ಕಾಲ ಆಯ್ತೋ!"

ಹಾರನ ಹೆಂಡತಿ ಅವಿಸ್ ನಗಲಿಲ್ಲ. "ಒದ್ದೆ ಇದ್ರೂ ಪರವಾಗಿಲ್ಲ ಅಣ್ಣ. ನೀರಲ್ಲೇ ಬದುಕಿದ ಜೀವ. ತಂದು ಹೊದಿಸಿ."

ಪೆಕ್ ನಾಟಕದವರ ಹಿಂಬಾಗಿಲಿಗೆ ಓಡಿದ.

"ಈಗ ಕೊಡು ಅಂದ್ರೆ ಹೆಂಗಯ್ಯ?" ವೇಷಭೂಷಣ ನೋಡಿಕೊಳ್ಳುವ ಡಂಕ್ಲಿ ಪಿಸುಗುಟ್ಟಿದ. "ನೋಡಲ್ಲಿ, ಹೊದಿಸಿ ಆಯ್ತು."

ನಾಟಕದ ಪೆಟ್ಟಿಗೆಯೊಳಗೆ ಇದ್ದದ್ದು ಮರಳಿನ ಮೂಟೆ. ರಾಜಕುಮಾರನ ವೇಷದವನು ಡಂಕ್ಲಿಯ ಪಕ್ಕದಲ್ಲೇ ಬಿಯರ್ ಕುಡಿಯುತ್ತಿದ್ದ. ರಂಗದ ಮೇಲೆ ರಾಣಿ ಮಕಮಲ್ಲಿನ ಮೇಲೆ ಬಿದ್ದು ಮಗನನ್ನು ಕರೆದಳು. ಅಷ್ಟು ಜನಸಂದಣಿಯಲ್ಲಿ ಒಬ್ಬರೂ ಕೆಮ್ಮಲಿಲ್ಲ. ಪೆಕ್‌ನ ಕಣ್ಣೀರು ಗಡ್ಡಕ್ಕಿಳಿಯಿತು. ಒರೆಸಿಕೊಂಡಾಗ ಕೈಗೆ ಮಣ್ಣು ತಾಗಿತು. ಹಾರನ ಗುಂಡಿಯ ಮಣ್ಣು ಅದು. ಅದನ್ನು ತೋಡುವಾಗ ಅವನು ಸಿಳ್ಳೆ ಹಾಕುತ್ತಿದ್ದ. ಅವನಿಗೆ ನಿಂತಲ್ಲೇ ಮುಖ ಮುಚ್ಚಿಕೊಳ್ಳಬೇಕೆನಿಸಿತು.

ರಾಣಿ ಎದೆಗೆ ಚೂರಿ ಹಾಕಿಕೊಂಡಳು. ರವಿಕೆಯೊಳಗಿನ ರಕ್ತದ ಚೀಲ ಒಡೆದು ಹೊದಿಕೆಯ ಮೇಲೆ ಚಿಮ್ಮಿತು. ಪೆಟ್ಟಿಗೆಯನ್ನು ರಂಗದಿಂದ ಒಳಗೆ ತಂದೊಡನೆ ಪೆಕ್ ಹೊದಿಕೆಯನ್ನು ಕಸಿದುಕೊಂಡು ಓಡಿದ.

ಅಷ್ಟರಲ್ಲಿ ಅಂಬಿಗರೇ ಗುಂಡಿ ಮುಚ್ಚಿದ್ದರು. ಖಾಲಿ ಪೆಟ್ಟಿಗೆಯ ಮೇಲೆ ಮಕಮಲ್ಲಿನ ಬದಲು ಹಾರನ ದೋಣಿಯ ಮಳೆಬಟ್ಟೆ ಬಿದ್ದಿತ್ತು. ಗಿಲ್ಬರ್ಟ್ ಬಿಟ್ಟು ಉಳಿದ ಅಂಬಿಗರು ಹೊಳೆಗೆ ಹೋಗಿದ್ದರು.

ಅವಿಸ್ ಮಕಮಲ್ಲನ್ನು ಮುಟ್ಟಿ ನೋಡಿದಳು. "ಒಣಗೇ ಇದೆಯಲ್ಲ ಅಣ್ಣ."

ಗಿಲ್ಬರ್ಟ್ ಕಲೆಗೆ ಬೆರಳಿಟ್ಟು ಮೂಸಿದ. "ಕುರಿ ರಕ್ತ. ಇವತ್ತೂ ಸತ್ತಳೇನೋ ನಿಮ್ಮ ರಾಣಿ?"

ಪೆಕ್ ತೋಳಿನಿಂದ ಕಲೆ ಉಜ್ಜತೊಡಗಿದ.

"ಯಾರ ಮೇಲಿತ್ತು?" ಅವಿಸ್ ಕೇಳಿದಳು.

"ಮರಳಿನ ಮೂಟೆ ಮೇಲಿತ್ತು, ತಾಯಿ."

ಅವಳು ಮಳೆಬಟ್ಟೆಯನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡಳು. ಬೀದಿಯಲ್ಲಿ ಆಟ ಬಿಟ್ಟ ಜನರ ಗದ್ದಲ ಕೇಳಿಸಿತು. ಗಿಲ್ಬರ್ಟ್ ದೋಣಿಯತ್ತ ಓಡಿದ.

ಮರುದಿನ ಪೆಕ್ ನಾಟಕದವರಿಗೆ ಹೊದಿಕೆ ಕೊಡಲಿಲ್ಲ. ಅವರು ರಾಜಕುಮಾರನ ಪೆಟ್ಟಿಗೆಗೆ ಹಳೆಯದೊಂದು ಪರದೆ ಹಾಸಿದರು. ಜನ ಹಿಂದಿನ ದಿನದಷ್ಟೇ ಅತ್ತರೆಂದು ಡಂಕ್ಲಿ ಬಂದು ಹೇಳಿ ಹೋದ.