ತುಟಿಯಿಂದ ಮೈಕಿಗೆ

ಗೋಡೆಯ ಮೇಲಿನ ಬೆಳಕಿನ ಚೌಕ ಇನ್ನೂ ಆರಿಲ್ಲ, ಖಾಲಿ ಚೌಕ, ಅದರ ಎಡಮೂಲೆಯಲ್ಲಿ ಸುಣ್ಣ ಎದ್ದಿರುವುದು ಈಗ ಕಾಣುತ್ತಿದೆ, ಚಿತ್ರ ಓಡುತ್ತಿದ್ದಾಗ ಕಂಡಿರಲಿಲ್ಲ, ಯಾರೋ ಕಿಟಕಿಯ ಪರದೆ ಸರಿಸಿದರು, ಮಧ್ಯಾಹ್ನದ ಬಿಸಿಲು ಒಮ್ಮೆಗೇ ಒಳಬಿದ್ದು ಎಲ್ಲರೂ ಕಣ್ಣು ಕಿರಿದು ಮಾಡಿಕೊಂಡು ಒಬ್ಬರ ಮುಖ ಒಬ್ಬರು ನೋಡದೆ ಕೂತಿದ್ದಾರೆ, ಜೊತೆಗೆ ಕಲಿಯುವ ಬಸ್ ಡ್ರೈವರ್ ಮಾಡಿದ ಹನ್ನೆರಡು ನಿಮಿಷದ ಚಿತ್ರ ಮುಗಿಯಿತು, ಇನ್ನು ಮಾತಾಡುವ ಸರದಿ, ಮೊದಲು ಯಾರೋ, ಅವಳಂತೂ ಅಲ್ಲ, ಅವಳು ಮೂರನೆಯ ಸಾಲಿನ ತುದಿಯಲ್ಲಿದ್ದಾಳೆ, ಕಂಬದ ಮರೆ ಬೇರೆ — ಕಂಬದ ಹತ್ತಿರ ಇರೋರು, ನೀವೇ ಶುರು ಮಾಡಿ, ಎಂದರು ಕತ್ತರಿ ಮೇಡಂ. ಮೂವತ್ತು ವರ್ಷ ಬೇರೆಯವರ ಸಿನಿಮಾ ಕತ್ತರಿಸಿ ಜೋಡಿಸಿದ ಮೇಡಂ, ಅದಕ್ಕೇ ಆ ಹೆಸರು, ಈ ಗ್ರಂಥಾಲಯದ ಮಹಡಿಗೆ ಭಾನುವಾರ ಭಾನುವಾರ ಕಿರುಚಿತ್ರ ಮಾಡುವುದು ಕಲಿಯಲು ಬರುವ ಹನ್ನೊಂದು ಜನಕ್ಕೆ ಅವರು ಮೊದಲ ದಿನವೇ ನಿಯಮ ಹಾಕಿಕೊಟ್ಟಿದ್ದರು, ಕಂಡಿದ್ದು ಹೇಳಿ, ಆಮೇಲೆ ಮನಸ್ಸು ಎಲ್ಲಿ ಜಾರಿತು ಅದನ್ನ ಹೇಳಿ, ಆಮೇಲೆ ಒಂದೇ ಒಂದು ಪ್ರಶ್ನೆ ಕೇಳಿ, ಚೆನ್ನಾಗಿದೆ ಅನ್ನೋ ಮಾತು ಈ ಕೋಣೇಲಿ ಬೇಡ, ನಾನಾಗಿದ್ರೆ ಹೀಗೆ ಮಾಡ್ತಿದ್ದೆ ಅನ್ನೋದಂತೂ ಬೇಡವೇ ಬೇಡ. ಮೂರೇ ಮೆಟ್ಟಿಲು, ಎಷ್ಟು ಸುಲಭ, ಅವಳು ಪುಸ್ತಕದಲ್ಲಿ ಬರೆದುಕೊಂಡು ಕೆಳಗೆ ಗೆರೆ ಎಳೆದಿದ್ದಳು, ಈಗ ಎದ್ದು ನಿಂತರೆ ಮೊಣಕಾಲು ತನ್ನದಲ್ಲ.

ಕಂಡಿದ್ದು ಅವಳಿಗೆ ಗೊತ್ತು. ಚಿತ್ರದಲ್ಲಿ ಒಬ್ಬ ಮುದುಕ, ಡ್ರೈವರ್‌ನ ಸ್ವಂತ ಮಾವನೇ ಪಾಪ, ದಿನಾ ಅದೇ ಬಸ್ಸು ಹತ್ತಿ ಪಕ್ಕದ ಸೀಟಿನ ಮೇಲೆ ತನ್ನ ಚೀಲ ಇಡುತ್ತಾನೆ, ಹೆಂಡತಿ ಕೂರುತ್ತಿದ್ದ ಜಾಗ, ಯಾರನ್ನೂ ಕೂರಗೊಡುವುದಿಲ್ಲ, ಹತ್ತನೆಯ ನಿಮಿಷದಲ್ಲಿ ಸುಸ್ತಾದ ಹೆಂಗಸೊಬ್ಬಳು ಏನೂ ಕೇಳದೆ ಚೀಲ ಎತ್ತಿ ಅವನ ತೊಡೆಯ ಮೇಲಿಟ್ಟು ಕೂತು ನಿದ್ದೆ ಹೋಗುತ್ತಾಳೆ, ಮುದುಕ ಚೀಲವನ್ನು ಅಪ್ಪಿಕೊಂಡು ಉಸಿರು ಬಿಗಿಹಿಡಿದು ಕೂತಿದ್ದಾನೆ, ಅವಳ ನಿದ್ದೆ ಕೆಡಬಾರದು ಎಂಬಂತೆ — ಅಲ್ಲಿ ನೋಡುತ್ತಿದ್ದ ಇವಳೂ ಉಸಿರು ಹಿಡಿದಳು, ಮುಗಿಯಿತು ಅಂದುಕೊಂಡಳು, ಅಬ್ಬ ಎಂದುಕೊಂಡಳು, ಆದರೆ ಮುಗಿಯಲಿಲ್ಲ, ಪಿಟೀಲು ಶುರುವಾಯಿತು, ಒಂಟಿತನ ಎಂದರೇನು ಅಂತ ಒಂದು ದಪ್ಪ ದನಿ ಎರಡು ನಿಮಿಷ ಪಾಠ ಹೇಳಿತು. ಹೇಳಬೇಕಾದ್ದು ಇಷ್ಟೇ, ಆ ನಿದ್ದೆಯ ಹತ್ತಿರವೇ ಚಿತ್ರ ಮುಗಿದಿತ್ತು ಸಾರ್, ಮುಂದಿನದು ಬೇಡ. ಡ್ರೈವರ್ ತಿರುಗಿ ಅವಳನ್ನೇ ನೋಡುತ್ತಿದ್ದಾನೆ, ತೊಡೆಯ ಮೇಲೆ ನೋಟ್‌ಬುಕ್ಕು, ಪೆನ್ನಿನ ಕ್ಯಾಪು ಹಲ್ಲಲ್ಲಿ, ನಾಳೆ ಸ್ಪರ್ಧೆಗೆ ಕಳಿಸಬೇಕು, ತಿದ್ದೋದಿದ್ರೆ ಇವತ್ತೇ ಅಂತ ಬೆಳಿಗ್ಗೆ ಎಲ್ಲರ ಹತ್ತಿರವೂ ಹೇಳಿಕೊಂಡಿದ್ದ, ಹೇಳಿಬಿಡು, ಹೇಳಿದರೆ ಅವನ ಮುಖ ಏನಾಗುತ್ತದೆ, ಮಾವನನ್ನು ಎಂಟು ದಿನ ಬಸ್ಸಲ್ಲಿ ಕೂರಿಸಿ ತೆಗೆದದ್ದು, ಆಮೇಲೆ ಮುಂದಿನದು ಅವಳದೇ ಚಿತ್ರ, ಅವನಿಗೂ ಬಾಯಿದೆ, ಅವನಿಗೂ ಸರದಿ ಬರುತ್ತದೆ, ಈಗ ನಾಲ್ಕು ಒಳ್ಳೆ ಮಾತಾಡಿದರೆ ಆಮೇಲೆ ಅವನೂ — ಛೇ, ಇಷ್ಟು ಸಣ್ಣವಳೇ ಅವಳು, ಹೌದು, ಇಷ್ಟೇ — ನಂಗೆ ತುಂಬಾ ಚೆನ್ನಾಗಿದೆ ಅನ್ನಿಸ್ತು, ಎಂದುಬಿಟ್ಟಳು. ಹಿಂದಿನ ಸಾಲು ಕಿಸಕ್ಕೆಂದಿತು. ಅದು ಬಿಟ್ಟು ಹೇಳಿ, ಎಂದರು ಮೇಡಂ. ಸಂಗೀತ... ಸಂಗೀತಾನೂ ಚೆನ್ನಾಗಿತ್ತು ಮೇಡಂ. ಡ್ರೈವರ್ ಸಿಟ್ಟಾಗಲಿಲ್ಲ, ತಲೆ ತಗ್ಗಿಸಿ ಕ್ಯಾಪನ್ನು ಪೆನ್ನಿಗೆ ಹಾಕಿದ, ಟಕ್ ಎಂದಿತು, ಇಡೀ ಕೋಣೆಯಲ್ಲಿ ಅವಳಿಗೆ ಕೇಳಿಸಿದ್ದು ಅದೊಂದೇ.

ಮತ್ತೆ ಪರದೆ ಎಳೆದರು, ಕತ್ತಲು, ಒಳ್ಳೆಯದಾಯಿತು, ಕತ್ತಲಲ್ಲಿ ಮುಖ ಇರುವುದಿಲ್ಲ, ಆದರೆ ಗೋಡೆಯ ಮೇಲೆ ಅಕ್ಕನ ಮುಖ ಬಂತು, ಆಳೆತ್ತರ, ಫೋನಿನಷ್ಟು ಚಿಕ್ಕದಾಗಿ ನೋಡಿ ನೋಡಿ ಅಭ್ಯಾಸವಾಗಿದ್ದ ಮುಖ ಇಷ್ಟು ದೊಡ್ಡದೇ, ಕಣ್ಣ ಕೆಳಗೆ ಇಷ್ಟೊಂದು ಗೆರೆಗಳೇ. ಅಕ್ಕ ಮುಖ ತೊಳೆಯುತ್ತಾಳೆ, ಅಕ್ಕ ಕೋಟಿನ ಗುಂಡಿ ಹಾಕಿಕೊಳ್ಳುತ್ತಾಳೆ, ಅಕ್ಕ ಬಸ್ ನಿಲ್ದಾಣದ ಗಾಜಿನ ಗೂಡಿನಲ್ಲಿ ಕೂತು ಮೈಕಿನಲ್ಲಿ ಬಸ್ಸು ಹೊರಡುವ ಹೊತ್ತು ಹೇಳುತ್ತಾಳೆ, ಹತ್ತೊಂಬತ್ತು ವರ್ಷದಿಂದ ಅದೇ ಕೆಲಸ, ಒಂದು ದಿನ ತಡವರಿಸಿಲ್ಲ, ಮನೆಗೆ ಬಂದರೆ ಮಾತು ಸಿಕ್ಕಿಹಾಕಿಕೊಳ್ಳುತ್ತದೆ, ಚಿಕ್ಕಂದಿನಿಂದಲೂ, ಅದೇ ಚಿತ್ರ, ಒಂಬತ್ತು ನಿಮಿಷ, ಎಷ್ಟು ಒಳ್ಳೆ ವಿಷಯ ಸಿಕ್ತಲ್ಲೇ ನಿನಗೆ ಅಂತ ಲ್ಯಾಬಿನ ಗೆಳತಿ ಅಂದಿದ್ದಳು, ಇಬ್ಬರೂ ಕೆಲಸ ಮಾಡುವುದು ಹಲ್ಲಿನ ಸೆಟ್ಟು ಮಾಡುವ ಲ್ಯಾಬಿನಲ್ಲಿ, ದಿನವಿಡೀ ಕಾಣದ ಜನರ ದವಡೆಯ ಅಚ್ಚು ಮುಂದಿಟ್ಟುಕೊಂಡು ಒಂದೊಂದೇ ಹಲ್ಲು ಉಜ್ಜಿ ಕೂರಿಸುವ ಕೆಲಸ, ಬಾಯಿಯ ವಿಷಯ ಅವಳಿಗೆ ಗೊತ್ತಿಲ್ಲದ್ದೇನಿದೆ. ಐದು ವರ್ಷದವಳಿದ್ದಾಗಲೇ ಗೊತ್ತಿತ್ತು. ಅಂಗಡಿಯವನು ಏನು ಬೇಕಮ್ಮ ಅಂದರೆ ಹತ್ತು ವರ್ಷದ ಅಕ್ಕ ತುಟಿ ಒತ್ತಿ ನಿಂತಿರುತ್ತಾಳೆ, ಕೆಳಗಿನಿಂದ ಈ ಚೋಟುದ್ದದವಳು ಬೆಂಕಿಪೊಟ್ಟಣ ಅಂತ ಕೂಗುತ್ತಾಳೆ, ಅಂಗಡಿಯವನು ನಗುತ್ತಾನೆ, ಅಮ್ಮ ಕೆನ್ನೆ ಹಿಂಡಿ ನೀನೇ ಕಣೆ ನಿಮ್ಮಕ್ಕನ ಬಾಯಿ ಅನ್ನುತ್ತಾಳೆ, ಎಂಥ ಹೆಮ್ಮೆ, ಅಕ್ಕನ ಕಿವಿ ಆಗ ಕೆಂಪಾಗಿತ್ತಲ್ಲ, ಬಿಸಿಲಿಗೆ ಇರಬೇಕು. ಈಗ ಬಂತು, ಆರನೆಯ ನಿಮಿಷ, ಅಡುಗೆಮನೆಯ ಮೇಜು, ಅಕ್ಕ ಕಪ್ಪನ್ನು ಸುತ್ತಿಸುತ್ತ ಹೇಳುತ್ತಿದ್ದಾಳೆ, ಹೊ... ಹೊರಗಡೆ ಸರಿಯಾಗೇ ಬರತ್ತೆ, ನಿನ್ನ ಎ... ಎದುರಿಗೆ ಮಾತ್ರ ನಂಗೆ... ತುಟಿ ಮುಚ್ಚಿತು, ಬ ಎಂಬ ಅಕ್ಷರಕ್ಕೆ ತುಟಿ ಮುಚ್ಚಿ ಹಾಗೇ ನಿಂತಿತು, ಒಂದು ಕ್ಷಣ, ಎರಡು, ಮೂರು, ಆ ಮುಚ್ಚಿದ ತುಟಿಯ ಮೇಲೆಯೇ ಕಟ್, ಮೈಕು, ಅಕ್ಕನ ದನಿ ನೀರು ಹರಿದ ಹಾಗೆ, ಪ್ರಯಾಣಿಕರ ಗಮನಕ್ಕೆ, ಏಳನೇ ಅಂಕಣದಿಂದ — ಕೋಣೆಯೆಲ್ಲ ಹಾ ಎಂದಿತು. ಅವಳಿಗೆ ಗೊತ್ತಿತ್ತು ಹಾ ಅನ್ನುತ್ತಾರೆಂದು, ಎರಡು ವಾರ ಕೂತು ಮಾಡಿದ ಕಟ್, ಅದೊಂದರ ಮೇಲೇ ಚಿತ್ರ ನಿಂತಿದೆ.

ಬೆಳಕು ಬಂತು. ಮದುವೆ ಫೋಟೋ ತೆಗೆಯುವವನು ಬಣ್ಣದ ವಿಷಯ ಏನೋ ಹೇಳಿದ, ಅಡುಗೆಮನೇಲಿ ಹಳದಿ ಜಾಸ್ತಿ ಆಗಿದೆ, ಸರಿ ಬರೆದುಕೊಂಡಳು, ಇಷ್ಟೇನಾ, ಇಷ್ಟಕ್ಕೇ ಹೆದರಿದ್ದೆನಾ ಅಂದುಕೊಳ್ಳುವಷ್ಟರಲ್ಲಿ ಡ್ರೈವರ್ ಎದ್ದು ನಿಂತ, ಅಂಗಿ ಸರಿಮಾಡಿಕೊಂಡ, ತೀರಿಸಿಕೊಳ್ಳುತ್ತಾನೆ ಈಗ, ತೀರಿಸಿಕೊಳ್ಳಲಿ. ನಾನು ಕಂಡಿದ್ದು ಹೇಳ್ತೀನಿ, ತಪ್ಪಾದ್ರೆ ತಿದ್ದಿ, ಹದಿನಾಲ್ಕು ವರ್ಷದಿಂದ ಈ ದನಿ ಕೇಳ್ಕೊಂಡೇ ಗಾಡಿ ಹಿಂದಕ್ಕೆ ತಗೊಂಡಿದೀನಿ, ಮುಖ ಇವತ್ತು ನೋಡಿದ್ದು. ಗುಂಡಿ ಹಾಕ್ಕೊಳ್ಳೋವಾಗ ಒಂದು ತಪ್ಪಿ ಎಲ್ಲಾ ಬಿಚ್ಚಿ ಮೊದಲಿಂದ ಹಾಕ್ತಾರಲ್ಲ, ಅಲ್ಲಿ ನಂಗೆ ಅವ್ರು ಯಾರು ಅಂತ ಗೊತ್ತಾಯ್ತು, ಅದನ್ನ ನೀವು ಕತ್ತರಿಸದೆ ಇಟ್ಟಿದ್ದೀರಿ, ದೊಡ್ಡ ವಿಷಯ. ಅವನ ದನಿಯಲ್ಲಿ ಸೇಡು ಇಲ್ಲ, ಅದೇ ಹೆಚ್ಚು ಭಯ, ನರ್ಸು ಸೂಜಿ ಚುಚ್ಚುವ ಮೊದಲು ತೋಳು ಸವರಿದ ಹಾಗೆ. ಮನಸ್ಸು ಜಾರಿದ್ದು ತುಟಿಯಿಂದ ಮೈಕಿಗೆ ಹೋದ ಕಡೆ, ಎಂದ. ಎಲ್ಲಾರೂ ಹಾ ಅಂದ್ರು, ನಾನೂ ಅಂದೆ, ಆದ್ರೆ ಆಮೇಲಿನ ಮೂರು ನಿಮಿಷ ನಾನು ಏನೂ ನೋಡ್ಲಿಲ್ಲ, ಆ ಮಾತು ಎಲ್ಲಿ ಹೋಯ್ತು ಅಂತ ಹುಡುಕ್ತಾ ಕೂತಿದ್ದೆ. ಪ್ರಶ್ನೆ ಅದೇ. ನಿನ್ನ ಎದುರಿಗೆ ಮಾತ್ರ ನಂಗೆ ಅಂದ್ರಲ್ಲ, ಏನು ಹೇಳೋಕೆ ಹೊರಟಿದ್ರು ಅವ್ರು? ಸ್ಟಿಯರಿಂಗ್ ಹಿಡಿಯೋನಿಗೆ ಏನು ಗೊತ್ತು ಎಂಬ ಮಾತು ಬಾಯಿಯವರೆಗೂ ಬಂದು ನಾಚಿ ಒಳಗೆ ಹೋಯಿತು, ಅದು... ಆ ಮೌನದಲ್ಲೇ ಅರ್ಥ ಇರ್ಲಿ ಅಂತ, ಎಂದಳು, ಎಲ್ಲಿಯೋ ಕೇಳಿದ ಮಾತು, ಅವಳದ್ದಲ್ಲ. ಮೇಡಂ ಕನ್ನಡಕ ತೆಗೆದು ನೋಡಿದರು. ಅವರು ಏನು ಹೇಳಿದ್ರು ಅಂತ ನಿಮಗೆ ಗೊತ್ತಾ? ಗೊತ್ತಿದ್ದು ಬಿಟ್ರೆ ಅದು ಕಟ್. ಗೊತ್ತಿಲ್ದೆ ಬಿಟ್ರೆ ಓಡಿಹೋಗೋದು. ಉತ್ತರ ನನಗೆ ಬೇಡ, ನೀವು ನೋಡ್ಕೊಳ್ಳಿ, ಹೋಗಿ ಎಲ್ಲಾರೂ ಚಹಾ ಕುಡ್ಕೊಂಡು ಬನ್ನಿ.

ಗೊತ್ತಾ? ಗೊತ್ತಿರಬೇಕು, ತೆಗೆದವಳು ಅವಳೇ, ಮೇಜಿನ ಈ ಕಡೆ ಕ್ಯಾಮೆರಾ ಹಿಡಿದು ಕೂತವಳು ಅವಳೇ, ಅಕ್ಕ ಆಮೇಲೆ ಏನೋ ಹೇಳಿಯೇ ಇರುತ್ತಾಳೆ, ನೆನಪಿಲ್ಲ ಅಷ್ಟೆ, ಚಹಾದ ಸಾಲು ಬಿಟ್ಟು ಮೆಟ್ಟಿಲಿನ ತಿರುವಿನಲ್ಲಿ ಕೂತು ಲ್ಯಾಪ್‌ಟಾಪು ತೆರೆದಳು, ಕತ್ತರಿಸದ ಮೂಲ ತುಣುಕು ಅದರಲ್ಲಿದೆ, ಕಿವಿಗೆ ಇಯರ್‌ಫೋನು ತುರುಕಿದಳು, ಒಂದು ಕಿವಿಯದು ಕೆಟ್ಟಿದೆ, ಸಾಕು. ನಿನ್ನ ಎ... ಎದುರಿಗೆ ಮಾತ್ರ ನಂಗೆ... ತುಟಿ ಮುಚ್ಚಿತು, ಒಂದು, ಎರಡು, ಮೂರು, ಇಲ್ಲಿ ಅವಳು ಕತ್ತರಿಸಿದ್ದು, ಈಗ ಮುಂದೆ — ಬೇಜಾರಾ? ಯಾರ ದನಿ ಇದು, ಚುರುಕು, ಚೂಪು, ಕ್ಯಾಮೆರಾದ ಹಿಂದಿನಿಂದ, ಅವಳದೇ ದನಿ. ಅಕ್ಕ ತಲೆ ಅಲ್ಲಾಡಿಸಿ ಮತ್ತೆ ತುಟಿ ಮುಚ್ಚುತ್ತಾಳೆ. ಬರಲ್ವಾ? ಬಾಯಿ ಕಟ್ಟತ್ತಾ? ಅಕ್ಕ ಇಲ್ಲ ಎಂದು ಕೈ ಎತ್ತುತ್ತಾಳೆ, ತಾಳು ಎಂಬಂತೆ, ಮತ್ತೆ ತುಟಿ ಮುಚ್ಚಿ, ಈ ಸಲ ಕುತ್ತಿಗೆಯ ನರ ಉಬ್ಬಿ — ಸರಿ ಬಿಡೇ ಅಕ್ಕ, ಗೊತ್ತಾಯ್ತು, ಸಾಕು. ಮೇಜಿನ ಅಂಚು, ನೆಲ, ಕಪ್ಪು. ಐವತ್ತಮೂರು ಸೆಕೆಂಡು, ಮುಗಿಯಿತು, ಮುಂದೆ ಏನೂ ಇಲ್ಲ. ಮತ್ತೆ ಹಾಕಿದಳು, ಮತ್ತೆ ಅದೇ. ಮಾತು ಎಲ್ಲೂ ಹೋಗಿಲ್ಲ, ಅದು ಹೊರಗೆ ಬಂದೇ ಇಲ್ಲ, ಕತ್ತರಿಸಿದ್ದು ಕಂಪ್ಯೂಟರಿನ ಮುಂದೆ ಅಲ್ಲ, ಆ ಮೇಜಿನ ಮುಂದೆ, ಅದಕ್ಕೂ ಮುಂಚೆ ಅಂಗಡಿಯ ಮುಂದೆ, ತನ್ನ ದನಿಯನ್ನು ಗದ್ದಲ ಅಂತ ಎಷ್ಟು ಚೊಕ್ಕಟವಾಗಿ ಅಳಿಸಿ ಮರೆತೂಬಿಟ್ಟಿದ್ದಳು. ನಿನ್ನ ಎದುರಿಗೆ ಮಾತ್ರ ನಂಗೆ. ಬೇಜಾರಲ್ಲ. ಬರಲ್ಲ ಅಲ್ಲ. ಬೆಳಿಗ್ಗೆಯಿಂದ ಅವಳ ಹೊಟ್ಟೆಯಲ್ಲೇ ಕೂತಿರುವ ಮಾತು, ಕಂಬದ ಮರೆಯಲ್ಲಿ ಎದ್ದು ನಿಂತಾಗ ಮೊಣಕಾಲಿಗೆ ಇಳಿದ ಮಾತು, ಭಯ, ಅಷ್ಟೇ, ಎರಡಕ್ಷರ, ಅದಕ್ಕೂ ತುಟಿ ಮುಚ್ಚಲೇಬೇಕು, ನಿನ್ನ ಎದುರಿಗೆ ಮಾತ್ರ ನಂಗೆ ಭಯ — ಅಲ್ಲ, ಇರಲಿಕ್ಕಿಲ್ಲ, ಇದೂ ಅವಳೇ ತುಂಬುತ್ತಿರುವ ಮಾತಲ್ಲವೇ, ನೋಡು, ಇನ್ನೂ ನಿಲ್ಲಿಸಿಲ್ಲ.

ಡ್ರೈವರ್ ಕಿಟಕಿಯ ಹತ್ತಿರ ಒಬ್ಬನೇ ಲೋಟ ಹಿಡಿದು ನಿಂತಿದ್ದ. ಕಾಲು ತಾನಾಗಿ ಹೋಯಿತು. ಸಾರ್, ಆಗ ಸುಳ್ಳು ಹೇಳಿದೆ. ಏನು ಮೇಡಂ? ನಾನು ಕಂಡಿದ್ದು ಹೇಳ್ಲಾ? ಅವನು ಲೋಟ ಕಿಟಕಿಯಲ್ಲಿಟ್ಟು ಜೇಬಿನಿಂದ ನೋಟ್‌ಬುಕ್ಕು ತೆಗೆದ. ಆ ಹೆಂಗಸು ನಿದ್ದೆ ಮಾಡ್ತಾಳೆ, ನಿಮ್ಮ ಮಾವ ಚೀಲ ಅಪ್ಪಿಕೊಂಡು ಉಸಿರು ಹಿಡ್ಕೊಂಡು ಕೂತ್ಕೋತಾರೆ, ನಾನೂ ಹಿಡ್ಕೊಂಡಿದ್ದೆ ಸಾರ್. ಆಮೇಲೆ ಪಿಟೀಲು ಬಂತು, ಯಾರೋ ಮಾತಾಡೋಕೆ ಶುರು ಮಾಡಿದ್ರು, ಅಲ್ಲಿ ಜಾರ್ದೆ. ಅವನು ಬರೆಯುತ್ತಿದ್ದ, ಕಿವಿಯವರೆಗೂ ಕೆಂಪೇರಿದ್ದ, ನೋವಾಗಿದೆ, ಆಗಲಿ, ನಿಲ್ಲಿಸಬೇಡ. ಪ್ರಶ್ನೆ? ಅಂದ ತಲೆ ಎತ್ತದೆ. ನಿಮ್ಮ ಮಾವನ ಮುಖ ಎಲ್ಲಾ ಹೇಳಿ ಆಗಿದೆ, ಮತ್ತೆ ಆ ದನಿ ಯಾಕೆ? ಅವನು ಪೆನ್ನಿಗೆ ಕ್ಯಾಪು ಹಾಕಿದ, ತೆಗೆದ, ಮತ್ತೆ ಹಾಕಿದ, ಅವಳಿಗೆ ಅವನ ಪರವಾಗಿ ಉತ್ತರ ಹೇಳಿಬಿಡುವ ಆತುರ, ಹಲ್ಲು ಕಚ್ಚಿದಳು. ಹೆದ್ರಿಕೆ ಆಯ್ತು ಮೇಡಂ, ಅಂದ, ಜನಕ್ಕೆ ಅರ್ಥ ಆಗಲ್ವೇನೋ ಅಂತ. ದನಿ ನಂದೇ, ಗೊತ್ತಾಗ್ಲಿಲ್ವಾ? ಇಬ್ಬರೂ ನಕ್ಕರು, ನಗು ಅರ್ಧಕ್ಕೇ ನಿಂತಿತು. ಹೋಗಿ, ಆ ಎರಡು ನಿಮಿಷ ಕಿತ್ತಾಕ್ತೀನಿ, ನೀವು ನಿಮ್ಮ ಅಕ್ಕನ್ನ ಕೇಳಿ, ಈ ಹೊತ್ತಲ್ಲಿ ಅವ್ರಿಗೆ ಕಾಲು ಗಂಟೆ ಬಿಡುವು ಇರತ್ತೆ, ನಂಗೊತ್ತು, ಆ ಕಾಲು ಗಂಟೆ ಬೇರೆ ದನಿ ಬರತ್ತೆ.

ಮೆಟ್ಟಿಲ ತಿರುವು, ಮತ್ತೆ, ಅಕ್ಕನಿಗೆ ವಿಡಿಯೊ ಕರೆ ಹೋಗುತ್ತಿದೆ, ಎತ್ತದಿರಲಿ, ಎತ್ತದಿದ್ದರೆ ಸಂಜೆ ಕೇಳಬಹುದು, ನಾಳೆ ಕೇಳಬಹುದು, ಅಕ್ಕ ಎತ್ತಿದಳು, ಗಾಜಿನ ಗೂಡು, ಹಿಂದೆ ಯಾರದೋ ಬೆನ್ನು, ಎಲ್ಲೋ ಬಸ್ಸಿನ ಹಾರ್ನು, ಏ... ಏನೇ ಪುಟ್ಟಿ, ಚಿತ್ರ ತೋರಿಸಿದ್ಯಾ, ಬೈ... ಬೈದ್ರಾ? ಇಲ್ಲ ಅಕ್ಕ. ಅವತ್ತು ಅಡುಗೆಮನೇಲಿ ನಿನ್ನ ಎದುರಿಗೆ ಮಾತ್ರ ನಂಗೆ ಅಂತ ಏನೋ ಹೇಳೋಕೆ ಹೊರಟಿದ್ದೆ, ನಾನು ಬಿಡ್ಲಿಲ್ಲ. ಅದೇನು ಅಂತ ಈಗ ಹೇಳ್ತೀಯಾ? ಎಷ್ಟು ಹೊತ್ತಾದ್ರೂ ಪರವಾಗಿಲ್ಲ, ನಾನು ಬಾಯಿ ತೆಗೆಯಲ್ಲ. ಅಕ್ಕ ನೋಡಿದಳು, ಫೋನನ್ನಲ್ಲ, ಅವಳನ್ನೇ, ಮುಖದ ಮೇಲಿನ ನಗು ನಿಧಾನವಾಗಿ ಇಳಿಯಿತು, ಬೇಡವಾಗಿತ್ತು, ಕೇಳಬಾರದಿತ್ತು, ಇಲ್ಲ ಬಿಡು ಅಂದುಬಿಡಲೇ, ಅನ್ನಬೇಡ, ಅಕ್ಕ ಉಸಿರು ಎಳೆದುಕೊಂಡಳು, ನಿ... ನಿನ್ನ ಎದುರಿಗೆ ಮಾತ್ರ ನಂಗೆ... ತುಟಿ ಮುಚ್ಚಿತು, ಬೇಜಾರಾ ಎಂದು ಅವಳ ನಾಲಿಗೆಯ ತುದಿ ಎದ್ದಿತು, ನುಂಗಿದಳು, ಭಯಾನಾ ಎಂದು ಎದ್ದಿತು, ನುಂಗಿದಳು, ಮೇಲಿನಿಂದ ಮೇಡಂ ಎಲ್ಲರನ್ನೂ ಕರೆಯುತ್ತಿದ್ದಾರೆ, ಕುರ್ಚಿಗಳ ಸದ್ದು, ಕರೆಯಲಿ, ಅಕ್ಕನ ತುಟಿ ಬಿಚ್ಚಿಲ್ಲ, ಕುತ್ತಿಗೆಯ ನರ ಉಬ್ಬಿದೆ, ಕಣ್ಣು ಇವಳ ಮೇಲೇ ಇದೆ, ಇವಳ ಬಾಯಿ ಯಾವಾಗ ತೆರೆಯುತ್ತದೋ ಎಂದು ಕಾಯುತ್ತಿರುವ ಕಣ್ಣು, ತೆರೆಯಲ್ಲ ಅಕ್ಕ, ಇನ್ನೂ ಮುಚ್ಚಿಯೇ ಇದೆ, ಎರಡು ತುಟಿ, ಒಂದಕ್ಕೊಂದು ಒತ್ತಿ, ಅಂಚು ಬೆಳ್ಳಗಾಗಿ, ಎರಡು ತುಟಿ