ಹನ್ನೆರಡು ಜೊತೆ ಬೂಟು

"ಹಲ್ಲು ಕಿಸಿಯೋದು ನಿಲ್ಸಿ ಕಾಲು ತೂರಿಸ್ರೇ! ಲೇ ಕಿಸಕ್ಕ, ಎಡಗಾಲಿಂದು ಬಲಗಾಲಿಗೆ ಹಾಕ್ಕೊಂಡಿದ್ದೀಯಲ್ಲೇ ಮುಂಡೇದೇ, ಹುಟ್ಟಿದಾಗಿಂದ ಬೂಟು ಕಂಡಿಲ್ವಾ?"

"ಮೂರು ತಿಂಗಳಿಗೊಂದ್ಸಲ ಕಾಣ್ತೀನಲ್ಲ ಮೇಸ್ತ್ರಿ, ನೆಂಟರ ಥರ. ಬಂದು ಅರ್ಧ ಗಂಟೆ ಇದ್ದು ಹೊರಟುಬಿಡ್ತಾವೆ. ಗುರ್ತು ಹಿಡಿಯೋದು ಹೆಂಗೆ?"

ಹನ್ನೆರಡು ಮಂದಿ ಹೆಂಗಸರೂ ಗೊಳ್ಳೆಂದರು. ಮೇಸ್ತ್ರಿ ಕೈಯಲ್ಲಿದ್ದ ಬೀಗದ ಕೈಯನ್ನೇ ಬೀಸಿ ಹೊಡೆಯುವವನಂತೆ ಬಂದು, ಹೊಡೆಯದೆ ಹೋದ.

ಕಿಸಕ್ಕ ಅವಳ ನಿಜವಾದ ಹೆಸರೇನಲ್ಲ. ಬೈದರೂ ನಗು, ಬಿದ್ದರೂ ನಗು. ಸತ್ತವರ ಮನೆಯಲ್ಲಿ ತುಟಿ ಕಚ್ಚಿ ಹಿಡಿದರೂ ಮೂಗಿನಿಂದಲಾದರೂ 'ಕಿಸಕ್' ಎಂದು ಹೊರಬೀಳುವ ಜಾತಿಯ ನಗು. ಹಾಗಾಗಿ ಹೊಲದವರು ಇಟ್ಟ ಹೆಸರು ಅದು.

ಪಟ್ಟಣದ ಚರಂಡಿ ನೀರನ್ನು ಶುದ್ಧ ಮಾಡುವ ಕಾರ್ಖಾನೆಯಿಂದ ದಿನಾ ಎರಡು ಟಿಪ್ಪರ್ ಕಪ್ಪು ಕೆಸರು ಬಂದು ಧಣಿಯ ಹೊಲದಲ್ಲಿ ಬೀಳುತ್ತಿತ್ತು. ಶುದ್ಧವಾದ ನೀರು ಹೊಳೆಗೆ, ನೀರು ಬಿಟ್ಟುಹೋದದ್ದೆಲ್ಲ ಇಲ್ಲಿಗೆ. ಅದಕ್ಕೆ ಗೊಬ್ಬರ ಎಂದು ಹೆಸರು. ಬಾಣಲೆಗೆ ತುಂಬಿ, ತಲೆಯ ಮೇಲೆ ಹೊತ್ತು, ಬರಿಗೈಯಲ್ಲಿ ಎರಚಿ, ಬರಿಗಾಲಲ್ಲಿ ತುಳಿದು ಹರಡುವವರು ಈ ಹೆಂಗಸರು. ರಬ್ಬರ್ ಬೂಟು, ಗ್ಲೌಸು ಇರಲಿಲ್ಲವೆಂದಲ್ಲ. ಹನ್ನೆರಡು ಜೊತೆ ಇದ್ದವು, ಪಂಪಿನ ಶೆಡ್ಡಿನ ಕಬ್ಬಿಣದ ಪೆಟ್ಟಿಗೆಯಲ್ಲಿ. ಕಾರ್ಖಾನೆಯ ಸಾಹೇಬರು ಕೆಸರಿನ ಪರೀಕ್ಷೆಗೆ ಬರುವ ದಿನ ಬೀಗ ತೆರೆಯುತ್ತಿತ್ತು. ಫೋಟೋ ಹೊಡೆದ ಮೇಲೆ ಮತ್ತೆ ಬೀಗ.

ಎಲ್ಲವೂ ಗಂಡಸರ ಅಳತೆಯವು. ಒಬ್ಬಳು ಮುಂದೆ ಹೆಜ್ಜೆಯಿಟ್ಟರೆ ಬೂಟು ಹಿಂದೆಯೇ ಉಳಿಯಿತು. ಇನ್ನೊಬ್ಬಳು ಬಾತುಕೋಳಿಯಂತೆ ನಡೆದು ತೋರಿಸಿದಳು. ಮೂರನೆಯವಳು ಗ್ಲೌಸು ಹಾಕಿದ ಕೈಯಲ್ಲಿ ಮೂಗು ತುರಿಸಿಕೊಳ್ಳಲಾಗದೆ ಪಕ್ಕದವಳನ್ನು ಬೇಡಿಕೊಂಡಳು. ನಕ್ಕು ನಕ್ಕು ಎಲ್ಲರ ಪಕ್ಕೆ ಹಿಡಿದುಕೊಂಡಿತು.

ಕಿಸಕ್ಕನ ಸೊಸೆ ಮಾತ್ರ ನಿಂತಲ್ಲೇ ನಿಂತಿದ್ದಳು. ಐದು ತಿಂಗಳ ಬಸುರಿ. ಕೆಲಸಕ್ಕೆ ಸೇರಿ ಎರಡು ತಿಂಗಳಾಗಿತ್ತು. ಬೂಟಿನೊಳಗೆ ಕಾಲಿಟ್ಟದ್ದು ಇದೇ ಮೊದಲು.

"ಅತ್ತೆ, ಒಂದು ಮಾತು. ನಗಬಾರ್ದು."

"ಅದೊಂದು ಬಿಟ್ಟು ಬೇರೇನಾದ್ರೂ ಕೇಳೇ."

"ಒಳಗೆ ಒಣಗಿದೆ ಅತ್ತೆ."

"ಏನು?"

"ಬೂಟಿನೊಳಗೆ. ಒಣಗಿದೆ. ಈ ಹೊಲಕ್ಕೆ ಬಂದಾಗಿಂದ ಇವತ್ತೇ ನೋಡಿ ಕಾಲು ಉರೀತಿಲ್ಲ. ಬೆರಳು ಆಡಿಸ್ತಾ ಇದೀನಿ."

ಸೊಸೆಯ ಬೆರಳ ಸಂದಿಗಳು ಒಡೆದು, ಹಿಮ್ಮಡಿಯವರೆಗೆ ಬೆಂದ ಆಲೂಗಡ್ಡೆಯ ಸಿಪ್ಪೆಯಂತೆ ಚರ್ಮ ಏಳುತ್ತಿದ್ದುದನ್ನು ಕಿಸಕ್ಕ ದಿನಾ ರಾತ್ರಿ ಎಣ್ಣೆ ಹಚ್ಚುವಾಗ ನೋಡುತ್ತಿದ್ದಳು. 'ಯಾವ ಕೆಮಿಕಲ್ಲು ಮುಟ್ತೀಯಮ್ಮ?' ಎಂದು ಆಸ್ಪತ್ರೆಯ ಡಾಕ್ಟರಮ್ಮ ಕೇಳಿದಾಗ ಈ ಹುಡುಗಿ 'ಗೊಬ್ಬರ' ಎಂದಿದ್ದಳು. ಡಾಕ್ಟರಮ್ಮ ಅವಳ ಹೊಟ್ಟೆಯನ್ನೊಮ್ಮೆ ನೋಡಿ, ಆ ಕೆಲಸ ಬಿಡು ಎಂದಿದ್ದರು. ಬಿಟ್ಟು ತಿನ್ನುವುದೇನನ್ನು?

ಕಿಸಕ್ಕನಿಗೆ ನಗು ಬರಲಿಲ್ಲ. ಅದರಿಂದ ಅವಳಿಗೇ ಗಾಬರಿಯಾಯಿತು.

"ಹಂಗಾದ್ರೆ ಬಿಚ್ಚಬೇಡ," ಎಂದಳು.

"ಅಯ್ಯೋ, ಮೇಸ್ತ್ರಿ?"

"ನಾನೂ ಬಿಚ್ಚಲ್ಲ. ಬೈದ್ರೆ ಇಬ್ಬರ್ಗೂ ಬೈಲಿ. ಕೆಲಸ ಹೋದ್ರೆ ಇಬ್ಬರ್ದೂ ಹೋಗ್ಲಿ."

ಪಕ್ಕದವಳಿಗೆ ಕೇಳಿಸಿತು. ಅವಳು ತನ್ನ ಪಕ್ಕದವಳಿಗೆ ಹೇಳಿದಳು. ಸಾಹೇಬರ ಕಾರು ಬಂದು ನಿಲ್ಲುವಷ್ಟರಲ್ಲಿ ಮಾತು ಸಾಲಿನ ಕೊನೆ ಮುಟ್ಟಿತ್ತು.

ಸಾಹೇಬರು ಬಿಳಿ ಕೋಟು ತೊಟ್ಟು, ಒಂದರ ಮೇಲೊಂದು ಎರಡು ಜೊತೆ ಗ್ಲೌಸು ಏರಿಸಿ, ಚಮಚದಲ್ಲಿ ಕೆಸರನ್ನು ಎತ್ತಿ ಸೀಸೆಗೆ ಹಾಕಿದರು. ಧಣಿ ಜೀಪಿನಿಂದ ಇಳಿಯಲಿಲ್ಲ. ನಾಲ್ಕು ಬೆರಳಿನಷ್ಟು ಗಾಜು ಇಳಿಸಿ ನೋಡುತ್ತಿದ್ದ.

"ಕಪ್ಪು ಚಿನ್ನ ಕಣ್ರಮ್ಮ ಇದು. ಒಂದು ಕ್ರಿಮಿ ಬದುಕಿಲ್ಲ, ಎಲ್ಲ ಬೇಯಿಸಿ ಕಳಿಸ್ತೀವಿ," ಎಂದರು ಸಾಹೇಬರು.

"ಚಿನ್ನ ಮುಟ್ಟೋಕೆ ಎರಡೆರಡು ಗ್ಲೌಸಾ ಸಾಹೇಬ್ರೇ?" ಎಂದಳು ಕಿಸಕ್ಕ.

"ಅದು ನಿಯಮ."

"ನಮ್ಮ ಕೈಗೂ ಒಂಚೂರು ನಿಯಮ ಹಾಕ್ಸಿ ಮತ್ತೆ! ಕ್ರಿಮಿ ಬೆಂದವು ಸರಿ. ನನ್ನ ತಂಗಿ ಪಟ್ಟಣದಲ್ಲಿ ಬಳೆ, ಸರಕ್ಕೆ ಗಿಲೀಟು ಹಾಕೋ ಶೆಡ್ಡಲ್ಲಿದಾಳೆ. ಸಂಜೆಯಾದ್ರೆ ಹಳದಿ ನೀರಿನ ತೊಟ್ಟಿ ಚರಂಡಿಗೆ ಬಗ್ಗಿಸ್ತಾರಂತೆ. ಅದು ಬೇಯಿಸಿದ್ರೆ ಸಾಯುತ್ತಾ? ಅವಳು ಅಲ್ಲಿ ಸುರೀತಾಳೆ, ನಾನಿಲ್ಲಿ ಬಾಚ್ತೀನಿ. ಒಡಹುಟ್ಟಿದವಳು ಕಳಿಸಿದ ಉಡುಗೊರೆ!"

ಹೆಂಗಸರು ಕಿಸಿಕಿಸಿ ಎಂದರು. ಸಾಹೇಬರು ಫಾರಂ ತಿರುಗಿಸಿ ಮುರುಗಿಸಿ ನೋಡಿದರು.

"ನೋಡಮ್ಮ, ಕ್ರಿಮಿಗೆ ಕಾಲಂ ಇದೆ, ತೇವಕ್ಕೆ ಕಾಲಂ ಇದೆ. ಕೆಮಿಕಲ್ಲಿಗೆ ಇದರಲ್ಲಿ ಕಾಲಂ ಇಲ್ಲ."

"ನನ್ನ ಸೊಸೆ ಕಾಲ್ಮೇಲೆ ಬರೆದಿದೆ. ಓದ್ಕೊಂಡು ಹೋಗಿ."

"ಲೇ, ಬಾಯಿ ಮುಚ್ಚೇ ಬಜಾರಿ!" ಜೀಪಿನೊಳಗಿಂದ ಧಣಿ ಗದರಿದ.

ಸಾಹೇಬರು ಓದಲಿಲ್ಲ. ಎಲ್ಲರೂ ನಗಿ ಎಂದು ಫೋಟೋ ಹೊಡೆದರು, ಗ್ಲೌಸು ಕಿತ್ತು ಬದುವಿಗೆ ಎಸೆದರು, ಹೊರಟರು.

"ಬಿಚ್ರೇ!" ಮೇಸ್ತ್ರಿ ಪೆಟ್ಟಿಗೆಯ ಬಾಯಿ ತೆರೆದ.

ಯಾರೂ ಬಗ್ಗಲಿಲ್ಲ.

"ಕಿವಿ ಕೇಳಿಸ್ತಿಲ್ವೇನ್ರೇ ಬೋಳಿಮಕ್ಳಾ?"

"ಕೇಳಿಸ್ತು ಮೇಸ್ತ್ರಿ," ಎಂದಳು ಕಿಸಕ್ಕ. "ಬೂಟು ಬಿಡ್ತಿಲ್ಲ. ಪ್ರೀತಿ ಬಂದುಬಿಟ್ಟಿದೆ."

ಅವಳು ಬೋರಲು ಹಾಕಿದ ಬಾಣಲೆಯ ಮೇಲೆ ಕೂತು ಮಹಾರಾಣಿಯಂತೆ ಎಡಗಾಲು ಚಾಚಿದಳು. ಮೇಸ್ತ್ರಿ ಬೂಟಿಗೆ ಕೈಹಾಕಿ ಎಳೆದ. ಅವಳು ಬೆರಳುಗಳನ್ನು ಮಡಿಸಿ ಬಿಗಿಹಿಡಿದಳು. ಅವನು ಹಲ್ಲು ಕಚ್ಚಿ, ಬೆನ್ನು ಬಾಗಿಸಿ, ಇನ್ನೊಮ್ಮೆ ಎಳೆದ. ಆಗ ಕಿಸಕ್ಕನಿಗೆ ಎಲ್ಲಿತ್ತೋ ಆ ನಗು, ಬಂದೇಬಿಟ್ಟಿತು. ನಗುವಿನ ಭರಕ್ಕೆ ಹಿಡಿತ ಸಡಿಲವಾಯಿತು, ಬೂಟು ಸರ್ರನೆ ಕಳಚಿತು. ಮೇಸ್ತ್ರಿ ಹಿಂದಕ್ಕೆ ದೊಪ್ಪನೆ ಬಿದ್ದು, ಮೊಣಕೈವರೆಗೆ ಕೆಸರಿನಲ್ಲಿ ಹೂತುಹೋದ.

ಎದ್ದವನೇ ನಲ್ಲಿಗೆ ಓಡಿದ. ಸೋಪು ಉಜ್ಜಿದ, ಮೂಸಿದ, ಮತ್ತೆ ಉಜ್ಜಿದ. ಕಲ್ಲಿಗೆ ಕೈ ತಿಕ್ಕಿದ. ಉಗುರಿನೊಳಗೆ ಕಡ್ಡಿ ಹಾಕಿದ.

"ಯಾಕಣ್ಣಾ, ಚಿನ್ನ ಎಲ್ಲ ತೊಳ್ಕೊಂಡುಬಿಟ್ರೆ ಹೆಂಗೆ?" ಎಂದಳು ಸೊಸೆ.

ಮದುವೆಯಾಗಿ ಬಂದಾಗಿಂದ ಅವಳ ಬಾಯಿಂದ ಬಂದ ಮೊದಲ ತಮಾಷೆ ಅದು. ಅತ್ತೆಯ ಎದೆ ಇಷ್ಟಗಲವಾಯಿತು.

ಅಷ್ಟರಲ್ಲಿ ಮಧ್ಯಾಹ್ನದ ಟಿಪ್ಪರ್ ಪೀ ಪೀ ಎನ್ನುತ್ತ ಹಿಮ್ಮುಖವಾಗಿ ಹೊಲಕ್ಕೆ ನುಗ್ಗಿತು.

"ಈ ರಂಡೇರು ಇನ್ಮೇಲೆ ಬೇಡ," ಧಣಿ ಗಾಜಿನ ಸಂದಿಯಿಂದ ಕೂಗಿದ. "ಇವತ್ತಿಂದು ಒಣಗೋದರೊಳಗೆ ಹರಡಬೇಕು. ಮೇಸ್ತ್ರಿ, ನೀನೇ ಇಳಿ."

"ನಾನಾ ಧಣಿ?"

"ಮತ್ತೆ ನಾನಾ?"

ಗಾಜು ಮೇಲೇರಿತು.

ಮೇಸ್ತ್ರಿ ಕೆಸರನ್ನು ನೋಡಿದ. ತನ್ನ ಕೈ ನೋಡಿಕೊಂಡ. ಚಪ್ಪಲಿ ಬಿಟ್ಟು, ಬಿದ್ದಿದ್ದ ಎಡಗಾಲಿನ ಬೂಟನ್ನು ಝಾಡಿಸಿ ಸದ್ದಿಲ್ಲದೆ ಹಾಕಿಕೊಂಡ. ಇನ್ನೊಂದಕ್ಕೆ ಸುತ್ತ ಹುಡುಕಿದ. ಅದು ಕಿಸಕ್ಕನ ಬಲಗಾಲಿನಲ್ಲಿತ್ತು.

"ಅಕ್ಕಾ, ಅದೊಂದು ಕೊಡಕ್ಕ," ಎಂದ ಮೆಲ್ಲಗೆ.

"ಕೊಡಲ್ಲಪ್ಪ. ಪೆಟ್ಟಿಗೇಲಿ ಇದ್ದದ್ದೇ ಹನ್ನೆರಡು. ಹದಿಮೂರನೇ ಜೊತೆ ಧಣೀನ ಕೇಳು."

ಟಿಪ್ಪರಿನ ತೊಟ್ಟಿ ನಿಧಾನವಾಗಿ ಮೇಲೇಳತೊಡಗಿತು. ಮೇಸ್ತ್ರಿ ಬರಿಗಾಲನ್ನು ನೆಲಕ್ಕೆ ತಾಗಿಸದೆ, ಒಂಟಿಕಾಲಲ್ಲಿ ಕುಪ್ಪಳಿಸುತ್ತ ಜೀಪಿನವರೆಗೆ ಹೋಗಿ, ಒದ್ದೆ ಬೆರಳಿನಿಂದ ಗಾಜು ತಟ್ಟಿದ.